ಝಬೂರ್: ಸ್ತುತಿಯೋ, ಯುದ್ಧದ ಪಂಚಾಂಗವೋ?

ಹಝ್ರತ್ ದಾವೂದ್(ಅ)ರಿಗೆ ಅಲ್ಲಾಹನು ಝಬೂರ್ ಗ್ರಂಥವನ್ನು ದಯಪಾಲಿಸಿದನೆಂಬುದು ನಮ್ಮ ವಿಶ್ವಾಸದ ಭಾಗವಾಗಿದೆ. ಪವಿತ್ರ ಕುರ್‌ಆನ್‌ನ ಅನ್ನಿಸಾ ಅಧ್ಯಾಯದ 163ನೇ ಸೂಕ್ತವೂ ಅಲ್ ಇಸ್ರಾ ಅಧ್ಯಾಯದ 55ನೇ ಸೂಕ್ತವೂ ಇದನ್ನು ಸ್ಪಷ್ಟವಾಗಿ ಸಾರುತ್ತವೆ. ಆದರೆ ನಮ್ಮ ಮನೆಗಳಲ್ಲಿ ಝಬೂರ್‌ನ ಕುರಿತು ಮಾತು ನಡೆಯುವುದು ತೀರಾ ಅಪರೂಪ. ಮದ್ರಸಾದಲ್ಲಿ ನಾಲ್ಕು ವೇದಗ್ರಂಥಗಳ ಹೆಸರುಗಳನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ಅದರೊಳಗೆ ಏನಿದೆಯೆಂದು ಹೇಳಿಕೊಡುವವರು ಕಡಿಮೆ. ಆ ಖಾಲಿ ಜಾಗದಲ್ಲಿ ಈಗ ಬೇರೆಯವರು ಬಂದು ಕುಳಿತಿದ್ದಾರೆ.

ಪಶ್ಚಿಮ ಏಷ್ಯಾದಲ್ಲಿ ಒಂದು ಬಾಂಬು ಬಿದ್ದ ಮರುದಿನವೇ ನಮ್ಮ ಯುವಕರ ಮೊಬೈಲುಗಳಿಗೆ ವೀಡಿಯೊಗಳು ಬರುತ್ತವೆ. ದಾವೂದರ ಕೀರ್ತನೆಗಳಲ್ಲಿ ಇಂದಿನ ಯುದ್ಧ ಮೂರು ಸಾವಿರ ವರ್ಷಗಳ ಹಿಂದೆಯೇ ಬರೆಯಲ್ಪಟ್ಟಿತ್ತು, ಗಾಝಾದ ನಾಶ, ಲೆಬನಾನಿನ ನಾಶ, ಸಿರಿಯಾದ ನಾಶ ಎಲ್ಲವೂ ದೇವನ ಯೋಜನೆಯೇ ಆಗಿದೆ, ಇದಾದ ಬಳಿಕ ಲೋಕಾಂತ್ಯ ಎಂದು ಅವು ಹೇಳುತ್ತವೆ. ನೋಡಿದ ಮಗನೋ ಮಗಳೋ ಮನೆಯಲ್ಲಿ ಕೇಳುವ ಪ್ರಶ್ನೆ ನ್ಯಾಯವಾದದ್ದು: ಝಬೂರ್ ನಮ್ಮ ಪ್ರವಾದಿಯೊಬ್ಬರ ಗ್ರಂಥವಲ್ಲವೇ? ಹಾಗಾದರೆ ಇದನ್ನು ನಾವೂ ನಂಬಬೇಕೇ? ಈ ಪ್ರಶ್ನೆಗೆ ಉತ್ತರಿಸದೆ ಮೊಬೈಲನ್ನು ಕಿತ್ತಿಡುವುದು ಪರಿಹಾರವಾಗದು.

ಮೊದಲಿಗೆ, ಇಂದು ಬೈಬಲಿನಲ್ಲಿರುವ 150 ಕೀರ್ತನೆಗಳ ಸಂಕಲನ ಮತ್ತು ದಾವೂದ್(ಅ)ರಿಗೆ ಅವತೀರ್ಣವಾದ ಝಬೂರ್ ಅಕ್ಷರಶಃ ಒಂದೇ ಎಂದು ನಾವು ಹೇಳುವುದಿಲ್ಲ. ಆ ಸಂಕಲನವೂ ಹಾಗೆ ಹೇಳುವುದಿಲ್ಲ. ಅದರಲ್ಲಿ 73 ಕೀರ್ತನೆಗಳ ತಲೆಬರಹದಲ್ಲಿ ಮಾತ್ರ ದಾವೂದರ ಹೆಸರಿದೆ. ಹನ್ನೆರಡರಲ್ಲಿ ಆಸಾಫ್ ಎಂಬ ಗಾಯಕನ ಹೆಸರಿದೆ. ಒಂದರಲ್ಲಿ ಮೂಸಾ(ಅ)ರ ಹೆಸರಿದೆ. ಹಲವಕ್ಕೆ ಯಾರ ಹೆಸರೂ ಇಲ್ಲ. ವೇದಗ್ರಂಥದವರು ಹೇಳುವುದನ್ನು ಸತ್ಯವೆಂದೂ ಒಪ್ಪಬೇಡಿ, ಸುಳ್ಳೆಂದೂ ತಳ್ಳಬೇಡಿ, ಅಲ್ಲಾಹನಲ್ಲಿಯೂ ಅವನು ಅವತೀರ್ಣಗೊಳಿಸಿದ್ದರಲ್ಲಿಯೂ ನಮಗೆ ವಿಶ್ವಾಸವಿದೆಯೆಂದು ಹೇಳಿರಿ ಎಂಬ ಪ್ರವಾದಿ(ಸ)ರ ಬೋಧನೆ ಸಹೀಹ್ ಬುಖಾರಿಯಲ್ಲಿದೆ. ಕುರ್‌ಆನ್ ಸ್ಪಷ್ಟಪಡಿಸಿರದ ವಿಷಯಗಳಲ್ಲಿ ನಮ್ಮ ನಿಲುವು ಇದೇ. ಆದರೆ ಒಂದು ಗ್ರಂಥ ಯಾವ ಜಾತಿಯ ಗ್ರಂಥವೆಂದು ಕೇಳಲು ಈ ನಿಲುವು ಅಡ್ಡಿಯಾಗದು. ವಾದವೆಲ್ಲ ನಿಂತಿರುವುದು ಅಲ್ಲಿಯೇ.

ಅಲ್ಲಾಮಾ ಕುರ್ತುಬಿಯವರು ತಮ್ಮ ತಫ್ಸೀರಿನಲ್ಲಿ ಝಬೂರ್‌ನ ಬಗ್ಗೆ ಬರೆಯುವಾಗ, ಅದು 150 ಅಧ್ಯಾಯಗಳ ಗ್ರಂಥ, ಅದರಲ್ಲಿ ವಿಧಿಗಳಾಗಲಿ ಹಲಾಲ್ ಹರಾಮ್‌ಗಳಾಗಲಿ ಇಲ್ಲ, ಇರುವುದು ಯುಕ್ತಿಮಾತು ಮತ್ತು ಉಪದೇಶ ಎಂದಿದ್ದಾರೆ. ಕುರ್‌ಆನ್ ದಾವೂದ್(ಅ)ರನ್ನು ಚಿತ್ರಿಸುವ ಕೆಲವೆಡೆ ಅವರೊಂದಿಗೆ ಪರ್ವತಗಳೂ ಪಕ್ಷಿಗಳೂ ಅಲ್ಲಾಹನ ಪಾವಿತ್ರ್ಯವನ್ನು ಕೊಂಡಾಡುತ್ತಿರುತ್ತವೆ (ಅಲ್ ಅಂಬಿಯಾ 79, ಸಬಾ 10, ಸ್ವಾದ್ 18). ಸಹಾಬಿ ಅಬೂ ಮೂಸಾ ಅಶ್ಅರಿ(ರ)ಯವರ ಇಂಪಾದ ಕುರ್‌ಆನ್ ಪಾರಾಯಣವನ್ನು ಕೇಳಿದ ಪ್ರವಾದಿ(ಸ)ರು, ದಾವೂದರ ಮನೆತನದ ಮಿಝ್ಮಾರ್‌ಗಳಲ್ಲೊಂದು ನಿಮಗೆ ದೊರೆತಿದೆ ಎಂದು ಮೆಚ್ಚಿದರು. ಹೀಬ್ರೂ ಬೈಬಲಿನಲ್ಲಿ 57 ಕೀರ್ತನೆಗಳ ತಲೆಯ ಮೇಲಿರುವ ಮಿಝ್ಮೋರ್ ಎಂಬ ಪದವೂ ಇದೇ ಧಾತುವಿನದು. ಎರಡೂ ಹಾಡನ್ನೇ ಸೂಚಿಸುತ್ತವೆ. ಕನ್ನಡಕ್ಕೆ ಬೈಬಲನ್ನು ತಂದವರು ಈ ಭಾಗಕ್ಕೆ ಕೀರ್ತನೆಗಳು ಎಂದು ಹೆಸರಿಟ್ಟದ್ದು ಎಷ್ಟು ಸರಿಯಾದ ಆಯ್ಕೆ! ದಾಸರ ಪದಗಳನ್ನು ಕೇಳುತ್ತ ಬೆಳೆದ ಈ ನಾಡಿನಲ್ಲಿ ಕೀರ್ತನೆಯೆಂದರೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಅಲ್ಲಿ ಭಕ್ತನು ಹಾಡುತ್ತಾನೆ, ಅಳುತ್ತಾನೆ, ಬೇಡುತ್ತಾನೆ, ಕೆಲವೊಮ್ಮೆ ಜಗಳವಾಡುತ್ತಾನೆ. ಅದರಲ್ಲಿ ಮುಂದಿನ ವರ್ಷದ ಮಳೆಯ ದಿನಾಂಕವನ್ನು ಹುಡುಕುವವನನ್ನು ಹಳ್ಳಿಯ ಮುದುಕಿಯೂ ನಕ್ಕು ಕಳುಹಿಸಿಯಾಳು.

ಆದರೂ ಹುಡುಕುವವರಿದ್ದಾರೆ. ಅಮೆರಿಕದ ಪ್ರಚಾರಕ ಜೆ. ಆರ್. ಚರ್ಚ್ ಎಂಬವರು 1986ರಲ್ಲಿ ಕೀರ್ತನೆಗಳಲ್ಲಿ ಅಡಗಿರುವ ಭವಿಷ್ಯವಾಣಿಗಳ ಕುರಿತು ಒಂದು ಪುಸ್ತಕ ಬರೆದರು. ಅವರ ಸೂತ್ರ ಮಗುವಿಗೂ ತಿಳಿಯುವಷ್ಟು ಸರಳವಾಗಿದೆ: ಮೊದಲನೆಯ ಕೀರ್ತನೆ 1901ರ ಕುರಿತಾದದ್ದು, ಎರಡನೆಯದು 1902ರ ಕುರಿತಾದದ್ದು, ಹೀಗೆಯೇ ಮುಂದಕ್ಕೆ. 48ನೇ ಕೀರ್ತನೆಯಲ್ಲಿ ಸಿಯೋನ್ ನಗರದ ವೈಭವವೂ ಪ್ರಸವವೇದನೆಯ ಉಪಮೆಯೂ ಬರುವುದರಿಂದ ಅದು 1948ರ ಇಸ್ರೇಲ್ ರಾಷ್ಟ್ರದ ಜನನ. 67ನೆಯದು 1967ರ ಯುದ್ಧ. ಈ ಸೂತ್ರ ಇಂದಿಗೂ ಸತ್ತಿಲ್ಲ. ಪ್ರತಿ ಹೊಸ ವರ್ಷಕ್ಕೆ ಅದರ ಸಂಖ್ಯೆಯ ಕೀರ್ತನೆಯನ್ನು ತೆಗೆದು ಓದಿ ಭವಿಷ್ಯ ಹೇಳುವವರು ಈಗಲೂ ಇದ್ದಾರೆ.

ನಾವು ಆ 48ನೇ ಕೀರ್ತನೆಯನ್ನು ತೆರೆದು ನೋಡೋಣ. ಅಲ್ಲಿ ಹೆರಿಗೆಯ ನೋವು ಯಾರಿಗೆ? ಸಿಯೋನಿಗಲ್ಲ. ಅದರ ಮೇಲೆ ದಂಡೆತ್ತಿ ಬಂದ ರಾಜರು ನಗರವನ್ನು ಕಂಡು ಬೆದರಿ ನಡುಗಿದರಂತೆ. ಆ ನಡುಕಕ್ಕೆ ಕವಿ ಕೊಟ್ಟ ಹೋಲಿಕೆ ಅದು. ಅಂದರೆ ನೋವು ಶತ್ರುವಿನದು, ಮಗು ಹುಟ್ಟಿದ್ದು ಬೇರೆಯವರಿಗೆ! ಒಂದು ಪದವನ್ನು ಅದರ ವಾಕ್ಯದಿಂದ ಕಿತ್ತು ತಮಗೆ ಬೇಕಾದ ಜಾಗದಲ್ಲಿ ನೆಟ್ಟರೆ ಯಾವ ಗ್ರಂಥದಿಂದ ಏನನ್ನು ತಾನೇ ಹೊರಡಿಸಲಾಗದು?

ಇನ್ನು ಸಂಖ್ಯೆಯ ಮಾತು. ಕೀರ್ತನೆಗಳಿಗೆ ಲೋಕದಲ್ಲಿ ಒಂದೇ ಎಣಿಕೆಯಿಲ್ಲ. ಹೀಬ್ರೂ ಎಣಿಕೆಯಲ್ಲಿ 9 ಮತ್ತು 10 ಎಂದಿರುವುದನ್ನು ಪ್ರಾಚೀನ ಗ್ರೀಕ್ ಅನುವಾದವು ಒಂದೇ ಕೀರ್ತನೆಯಾಗಿ ಎಣಿಸುತ್ತದೆ. ಲ್ಯಾಟಿನ್ ಬೈಬಲು ಅದನ್ನೇ ಅನುಸರಿಸಿತು. ಆದ್ದರಿಂದ ಅಲ್ಲಿಂದ ಮುಂದೆ ಬಹುಪಾಲು ಕೀರ್ತನೆಗಳ ಸಂಖ್ಯೆ ಒಂದು ಕಡಿಮೆಯಾಗುತ್ತದೆ. ಶತಮಾನಗಳ ಕಾಲ ಕ್ಯಾಥೊಲಿಕರು ಓದಿದ, ಆರ್ಥೊಡಾಕ್ಸ್ ಕ್ರೈಸ್ತರು ಇಂದಿಗೂ ಓದುವ ಆ ಎಣಿಕೆಯ ಪ್ರಕಾರ ಸಿಯೋನಿನ ಕೀರ್ತನೆ 47ನೆಯದು. ಅವರ 48ನೆಯದು ಸಂಪತ್ತನ್ನು ನಂಬಿದವನು ಸಾಯುವಾಗ ಏನನ್ನೂ ಒಯ್ಯಲಾರನೆಂದು ಹೇಳುವ ಕೀರ್ತನೆ. ಹಾಗಾದರೆ ದೇವನು 1948ರ ಭವಿಷ್ಯವನ್ನು ಯಾವ ಮುದ್ರಣಾಲಯದ ಪ್ರತಿಯಲ್ಲಿ ಅಡಗಿಸಿಟ್ಟನು? 1956ರಲ್ಲಿ ಕುಮ್ರಾನಿನ 11ನೇ ಗವಿಯಲ್ಲಿ ದೊರೆತ ಕೀರ್ತನೆಗಳ ಪ್ರಾಚೀನ ಸುರುಳಿಯಲ್ಲಂತೂ ಕೊನೆಯ ಭಾಗದ ಕ್ರಮವೇ ಬೇರೆಯಾಗಿದೆ. ಇಂದಿನ 150ರಲ್ಲಿ ಇಲ್ಲದ ರಚನೆಗಳೂ ಅದರಲ್ಲಿವೆ. ಅಷ್ಟೇ ಅಲ್ಲ, 1948 ಎಂಬುದು ಕ್ರೈಸ್ತ ಪಂಚಾಂಗದ ಲೆಕ್ಕ. ಯಹೂದಿಯರಿಗೆ ಅದು 5708, ನಮಗೆ ಹಿಜ್ರಿ 1367. ಹೀಬ್ರೂ ಭಾಷೆಯಲ್ಲಿ ಹಾಡಿದ ಗಾಯಕನು, ತಾನು ತೀರಿಕೊಂಡು ಎಷ್ಟೋ ಶತಮಾನಗಳ ನಂತರ ಯೂರೋಪಿನಲ್ಲಿ ರೂಪುಗೊಳ್ಳಲಿದ್ದ ಪಂಚಾಂಗಕ್ಕೆ ತನ್ನ ಹಾಡುಗಳನ್ನು ಸಂಖ್ಯೆ ಹಾಕಿ ಜೋಡಿಸಿದನೆಂದು ನಂಬಲು ನಮಗೆ ಸಾಧ್ಯವಿಲ್ಲ.

ಈ ಸಂಖ್ಯೆಯ ಆಟ ನಗೆಪಾಟಲಿನದು. ಆದರೆ 83ನೇ ಕೀರ್ತನೆಯ ವಿಷಯದಲ್ಲಿ ನಗಲು ಆಗುವುದಿಲ್ಲ. ಅಲ್ಲಿ ಮನುಷ್ಯರ ಪ್ರಾಣದ ಪ್ರಶ್ನೆಯಿದೆ.

ಅದು ಆಸಾಫನ ಹೆಸರಿನ ಕೀರ್ತನೆ. ದೇವನೇ, ಸುಮ್ಮನಿರಬೇಡ ಎಂಬ ಮೊರೆಯಿಂದ ಅದು ಆರಂಭವಾಗುತ್ತದೆ. ಇಸ್ರಾಈಲರನ್ನು ಅಳಿಸಿಬಿಡಲು ಸಂಚು ಹೂಡಿರುವ ಹತ್ತು ಜನಾಂಗಗಳನ್ನು ಹೆಸರಿಸುತ್ತದೆ: ಎದೋಮಿನ ಡೇರೆಗಳವರು, ಇಷ್ಮಾಯೇಲ್ಯರು, ಮೋವಾಬ್ಯರು, ಹಗ್ರೀಯರು, ಗೆಬಾಲಿನವರು, ಅಮ್ಮೋನ್ಯರು, ಅಮಾಲೇಕ್ಯರು, ಫಿಲಿಷ್ಟಿಯರು, ತೂರಿನವರು, ಅವರಿಗೆ ನೆರವಾದ ಅಶ್ಶೂರ್ಯರು. ಹಿಂದೆ ಮಿದ್ಯಾನ್ಯರಿಗೂ ಸೀಸೆರನಿಗೂ ಮಾಡಿದಂತೆ ಇವರಿಗೂ ಮಾಡು ಎಂದು ಬೇಡುತ್ತದೆ. ಒಟ್ಟು ಹದಿನೆಂಟು ವಚನಗಳು.

2008ರಲ್ಲಿ ಅಮೆರಿಕದ ಲೇಖಕ ಬಿಲ್ ಸಾಲಸ್ ಎಂಬವರು ಇಸ್ರಲೆಸ್ಟೈನ್ ಎಂಬ ಪುಸ್ತಕದಲ್ಲಿ ಈ ಮೊರೆಯನ್ನು ಮುಂದೆ ನಡೆಯಲಿರುವ ಯುದ್ಧದ ಘೋಷಣೆಯೆಂದು ಸಾರಿದರು. ಹತ್ತು ಹೆಸರುಗಳಿಗೆ ಹತ್ತು ವಿಳಾಸಗಳನ್ನೂ ಒದಗಿಸಿದರು. ಇಷ್ಮಾಯೇಲ್ಯರೆಂದರೆ ಸೌದಿ ಅರೇಬಿಯದವರು. ಹಗ್ರೀಯರೆಂದರೆ ಈಜಿಪ್ಟಿನವರು. ತೂರ್ ಮತ್ತು ಗೆಬಾಲ್ ಲೆಬನಾನು, ಅಶ್ಶೂರವು ಸಿರಿಯಾ ಮತ್ತು ಉತ್ತರ ಇರಾಕು. ಮೋವಾಬ್, ಅಮ್ಮೋನ್ ಎಂದರೆ ಜೋರ್ಡಾನು. ಫಿಲಿಷ್ಟಿಯವೆಂದರೆ ಗಾಝಾ. ಎದೋಮಿನ ಡೇರೆಗಳೆಂದರೆ, ಓದುಗರು ಗಮನಿಸಬೇಕು, ಫೆಲೆಸ್ತೀನಿ ನಿರಾಶ್ರಿತರು.

1948ರಲ್ಲಿ ಏಳು ಲಕ್ಷದಷ್ಟು ಫೆಲೆಸ್ತೀನಿಯರು ಮನೆಮಠ ಕಳೆದುಕೊಂಡು ಡೇರೆಗಳಲ್ಲಿ ಬಿದ್ದರು. ಅವರ ಮೊಮ್ಮಕ್ಕಳು ಇಂದು ಮತ್ತೆ ಡೇರೆಗಳಲ್ಲಿದ್ದಾರೆ. ಆ ಡೇರೆಯನ್ನು ಕಂಡವನ ಹೃದಯ ಕರಗಬೇಕಿತ್ತು. ಈ ವ್ಯಾಖ್ಯಾನವನ್ನು ನಂಬಿದವನಿಗೆ ಅದು ಭವಿಷ್ಯವಾಣಿ ನೆರವೇರಿದುದರ ಗುರುತಾಗಿ ಕಾಣುತ್ತದೆ! ನಾವು ಇಷ್ಟು ಕಠಿಣವಾಗಿ ಬರೆಯುತ್ತಿರುವುದು ಈ ಒಂದು ಕಾರಣಕ್ಕಾಗಿ. ನಿರಾಶ್ರಿತನ ಬಟ್ಟೆಯ ಗೋಡೆಯನ್ನು ದೇವನ ಶತ್ರುವಿನ ಬಿಡಾರವೆಂದು ತೋರಿಸುವ ಓದು ಎಷ್ಟೇ ಭಕ್ತಿಯ ಉಡುಪು ತೊಟ್ಟಿರಲಿ, ಅದು ಪ್ರವಾದಿಗಳ ದಾರಿಯಲ್ಲ.

ಈ ವ್ಯಾಖ್ಯಾನದ ಮುಖ್ಯ ಆಧಾರವೇನು? ಈ ಹತ್ತು ಜನಾಂಗಗಳು ಒಟ್ಟಾಗಿ ದಂಡೆತ್ತಿ ಬಂದ ಘಟನೆ ಚರಿತ್ರೆಯಲ್ಲಿ ಕಾಣಸಿಗದು, ಆದ್ದರಿಂದ ಅದು ಮುಂದೆ ನಡೆಯಲೇಬೇಕು ಎಂಬುದು. ಸಂಕಟದಲ್ಲಿರುವವನು ದುಆ ಮಾಡುವುದನ್ನು ಇವರು ಎಂದೂ ಕೇಳಿಲ್ಲವೇ? ಅವನು ಸುತ್ತಲಿನ ಎಲ್ಲ ಶತ್ರುಗಳ ಹೆಸರನ್ನೂ ಹೇಳಿ ರಕ್ಷಣೆ ಬೇಡುತ್ತಾನೆ. ಅವರೆಲ್ಲ ಒಂದೇ ದಿನ ಒಂದೇ ಬಾಗಿಲಿಗೆ ಬರುತ್ತಾರೆಂದು ಅದರ ಅರ್ಥವಲ್ಲ. ಜರ್ಮನಿಯ ಕ್ರೈಸ್ತ ವಿದ್ವಾಂಸ ಹರ್ಮನ್ ಗುಂಕೆಲ್ ಅವರು ನೂರು ವರ್ಷಗಳ ಹಿಂದೆಯೇ ಕೀರ್ತನೆಗಳನ್ನು ಸ್ತುತಿ, ಕೃತಜ್ಞತೆ, ವ್ಯಕ್ತಿಯ ಗೋಳು, ಸಮುದಾಯದ ಗೋಳು ಎಂದು ವಿಂಗಡಿಸಿ ತೋರಿಸಿದ್ದಾರೆ. 83ನೆಯದು ಸಮುದಾಯದ ಗೋಳಿಗೆ ಸೇರಿದ್ದು. ಅಲ್ಲದೆ ಪಟ್ಟಿಯಲ್ಲಿ ಬಾಬಿಲೋನಿನ ಹೆಸರೇ ಇಲ್ಲ. ಯರೂಸಲೇಮನ್ನು ಸುಟ್ಟದ್ದು ಬಾಬಿಲೋನು, ಕ್ರಿಸ್ತಪೂರ್ವ 586ರ ಸುಮಾರಿಗೆ. ಮತ್ತೊಮ್ಮೆ ಸುಟ್ಟದ್ದು ರೋಮ್, ಕ್ರಿಸ್ತಶಕ 70ರಲ್ಲಿ. ಮುಂದಾಗುವುದನ್ನು ಹೇಳಲು ಹೊರಟ ಪಟ್ಟಿ ಈ ಎರಡನ್ನೂ ಬಿಟ್ಟು ಗೆಬಾಲಿನಂಥ ಸಣ್ಣ ಊರನ್ನು ಎಣಿಸಿತೇ? ಕವಿಯ ಕಣ್ಣೆದುರು ಇದ್ದ ನೆರೆಹೊರೆಯೇ ಅಲ್ಲಿರುವುದು. ಆ ಊರುಗಳು ಅವನ ಕಾಲದವು.

ಆಸಾಫನು ದರ್ಶಿಯಾಗಿದ್ದನು, ಹಾಗೆಂದು ಬೈಬಲೇ ಹೇಳುತ್ತದೆ ಎಂದು ಅವರು ವಾದಿಸುತ್ತಾರೆ. ನಿಜ, ಎರಡನೆಯ ಪೂರ್ವಕಾಲವೃತ್ತಾಂತದ 29ನೇ ಅಧ್ಯಾಯದಲ್ಲಿ ಹಾಗಿದೆ. ಆದರೆ ಮೊದಲನೆಯ ಪೂರ್ವಕಾಲವೃತ್ತಾಂತದ 25ನೇ ಅಧ್ಯಾಯವನ್ನು ಏಕೆ ಮುಚ್ಚಿಡಬೇಕು? ಅಲ್ಲಿ ಆಸಾಫನ ಜೊತೆಗಾರನಾದ ಯೆದುತೂನನು ಕಿನ್ನರಿ ನುಡಿಸುತ್ತ ಪ್ರವಾದಿಸಿದನೆಂದೂ ಅದು ದೇವನಿಗೆ ಕೃತಜ್ಞತೆ ಮತ್ತು ಸ್ತುತಿ ಸಲ್ಲಿಸುವುದಾಗಿತ್ತೆಂದೂ ಬರೆದಿದೆ. ಆ ಗಾಯಕರ ಪಾಲಿಗೆ ಪ್ರವಾದನೆಯೆಂದರೆ ಹಾಡಿ ಹೊಗಳುವುದೇ ಆಗಿತ್ತೆಂದು ಅವರ ಗ್ರಂಥವೇ ಸಾಕ್ಷಿ ನುಡಿಯುತ್ತಿದೆ. ಅದೇ ಗ್ರಂಥದ 5ನೇ ಅಧ್ಯಾಯದಲ್ಲಿ ಹಗ್ರೀಯರು ಯಾರೆಂಬುದೂ ಇದೆ. ಗಿಲ್ಯಾದಿನ ಪೂರ್ವಕ್ಕೆ ಡೇರೆಗಳಲ್ಲಿ ವಾಸಿಸಿ, ರೂಬೇನನ ಕುಲದವರೊಂದಿಗೆ ಹೋರಾಡಿ ಸೋತ ಜನರವರು. ಹಾಜರಾ(ಅ) ಅವರು ಈಜಿಪ್ಟಿನವರು ಎಂಬ ಒಂದೇ ಎಳೆಯನ್ನು ಹಿಡಿದು ಅವರನ್ನು ನೈಲ್ ನದಿಯ ದಂಡೆಗೆ ಎಳೆದೊಯ್ಯಲಾಗಿದೆ.

ಪ್ರಾಚೀನ ಹೆಸರುಗಳಿಗೆ ಇಂದಿನ ಜನರನ್ನು ಹೊಂದಿಸುವ ಈ ಕೆಲಸವನ್ನು ಯಹೂದಿ ಧರ್ಮಗುರುಗಳೇ ಸುಮಾರು ಹತ್ತೊಂಬತ್ತು ಶತಮಾನಗಳ ಹಿಂದೆ ನಿರಾಕರಿಸಿದ್ದರೆಂಬುದು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಹೊಸ ವಿಷಯವಾಗಿರಬಹುದು. ಅವರ ಮಿಶ್ನಾ ಗ್ರಂಥದ ಯಾದಾಯಿಮ್ ಭಾಗದಲ್ಲಿ ಒಂದು ಪ್ರಸಂಗವಿದೆ. ಯಹೂದಾ ಎಂಬ ಅಮ್ಮೋನ್ಯನು ಯಹೂದಿ ಧರ್ಮ ಸ್ವೀಕರಿಸಿ, ಸಮುದಾಯದೊಳಗೆ ತನಗೆ ಪ್ರವೇಶವಿದೆಯೇ ಎಂದು ಕೇಳಿಕೊಂಡು ಪಾಠಶಾಲೆಗೆ ಬಂದನು. ಅಮ್ಮೋನ್ಯರು ಸೇರಬಾರದೆಂಬ ತೌರಾತಿನ ವಿಧಿಯನ್ನು ತೋರಿಸಿ ರಬ್ಬಾನ್ ಗಮ್ಲಿಯೇಲ್ ನಿರಾಕರಿಸಿದರು. ರಬ್ಬಿ ಯೆಹೋಶುವ ಒಪ್ಪಲಿಲ್ಲ. ಅಶ್ಶೂರದ ರಾಜ ಸನ್ಹೇರೀಬನು ಬಂದು ಎಲ್ಲ ಜನಾಂಗಗಳನ್ನು ಕಲಸಿ ಬೆರೆಸಿಬಿಟ್ಟಿದ್ದಾನೆ, ಹಳೆಯ ಅಮ್ಮೋನ್ಯರು ತಮ್ಮ ಸ್ಥಳದಲ್ಲಿ ಈಗೆಲ್ಲಿದ್ದಾರೆ ಎಂಬುದು ಅವರ ವಾದವಾಗಿತ್ತು. ಆ ಮನುಷ್ಯನನ್ನು ಸೇರಿಸಿಕೊಳ್ಳಲಾಯಿತು. ಅಂದು ಆ ಮಣ್ಣಿನಲ್ಲಿಯೇ ಕುಳಿತಿದ್ದ ವಿದ್ವಾಂಸರಿಗೆ ಅಮ್ಮೋನ್ಯನು ಯಾರೆಂದು ಗುರುತಿಸಲು ಸಾಧ್ಯವಿರಲಿಲ್ಲ. ಇಂದು ಅಮೆರಿಕದಲ್ಲಿ ಕುಳಿತವರಿಗೆ ಹತ್ತು ಜನಾಂಗಗಳೂ ನಕ್ಷೆಯ ಮೇಲೆ ಬಣ್ಣಬಣ್ಣವಾಗಿ ಕಾಣುತ್ತಿವೆ!

ಇಂತಹ ನಕ್ಷೆಗಳಿಂದ ಏನಾಗುತ್ತದೆ ಎಂದು ಕೇಳುವವರಿಗೆ ಎರಡು ಸಂಗತಿಗಳನ್ನು ನೆನಪಿಸುತ್ತೇವೆ. ಈಜಿಪ್ಟ್ 1979ರಲ್ಲಿಯೂ ಜೋರ್ಡಾನ್ 1994ರಲ್ಲಿಯೂ ಇಸ್ರೇಲಿನೊಂದಿಗೆ ಶಾಂತಿ ಒಪ್ಪಂದ ಮಾಡಿಕೊಂಡಿವೆ. ಈ ವ್ಯಾಖ್ಯಾನ ನಿಜವಾಗಬೇಕಾದರೆ ಆ ಒಪ್ಪಂದಗಳು ಮುರಿಯಲೇಬೇಕು. ಯಾವ ಶಾಂತಿ ಒಪ್ಪಂದವಾದರೂ ಇವರಿಗೆ ಭವಿಷ್ಯವಾಣಿಗೆ ಬಂದ ಅಡ್ಡಿ. ಎರಡನೆಯದಾಗಿ, 2023ರ ಅಕ್ಟೋಬರ್ 28ರಂದು ಗಾಝಾದ ಮೇಲಿನ ಭೂಯುದ್ಧದ ಕುರಿತು ಮಾತನಾಡುತ್ತ ಇಸ್ರೇಲಿನ ಪ್ರಧಾನಿ ನೆತನ್ಯಾಹು ಅಮಾಲೇಕ್ಯರನ್ನು ನೆನಪಿಸಿದರು. ಅದೇ ಹತ್ತರ ಪಟ್ಟಿಯಲ್ಲಿರುವ ಹೆಸರು. ಆ ಜನಾಂಗದ ಎಳೆಯ ಶಿಶುಗಳನ್ನೂ ಉಳಿಸಬಾರದೆಂಬ ಮಾತು ಸಮುವೇಲನ ಮೊದಲ ಗ್ರಂಥದಲ್ಲಿದೆ. ತಾವು ಉದ್ದೇಶಿಸಿದ್ದು ಹಮಾಸನ್ನು ಮಾತ್ರವೆಂದು ಅವರ ಕಚೇರಿ ಬಳಿಕ ವಿವರಣೆ ನೀಡಿತು. ಆದರೆ ದಕ್ಷಿಣ ಆಫ್ರಿಕವು ಆ ವರ್ಷದ ಡಿಸೆಂಬರಿನಲ್ಲಿ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯಲ್ಲಿ ಆ ಮಾತನ್ನು ಸೇರಿಸಿತು. ಹಳೆಯ ಹೆಸರನ್ನು ಹೊಸ ಮನುಷ್ಯರಿಗೆ ಅಂಟಿಸುವುದು ಪುಸ್ತಕದ ಪುಟದಲ್ಲಿ ನಿಲ್ಲುವ ಆಟವಲ್ಲ.

90ನೇ ಕೀರ್ತನೆಯ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಮನುಷ್ಯನ ಆಯುಷ್ಯ ಎಪ್ಪತ್ತು, ಬಲವಿದ್ದರೆ ಎಂಭತ್ತು ಎಂದು ಅದು ಜೀವನದ ಅಲ್ಪತೆಯನ್ನು ನೆನೆದು ಮರುಗುತ್ತದೆ. ಅದನ್ನು ಹಿಡಿದು 1948ಕ್ಕೆ ಎಂಭತ್ತು ಕೂಡಿಸಿ 2028 ಎನ್ನುತ್ತಿದ್ದಾರೆ. ಮೊದಲು ಎಪ್ಪತ್ತು ಕೂಡಿಸಿದವರಿದ್ದರು, 2018 ಕಳೆದುಹೋಯಿತು. ಅದಕ್ಕೂ ಮೊದಲು, 1970ರಲ್ಲಿ ಪ್ರಕಟವಾಗಿ ಅಪಾರವಾಗಿ ಮಾರಾಟವಾದ ಪುಸ್ತಕದಲ್ಲಿ ಹಾಲ್ ಲಿಂಡ್ಸೆಯವರು ಒಂದು ತಲೆಮಾರಿಗೆ ನಲವತ್ತು ವರ್ಷ ಎಂದು ಎಣಿಸಿದ್ದರು. 1988ಕ್ಕೆ ಎಂಭತ್ತೆಂಟು ಕಾರಣಗಳನ್ನು ಪಟ್ಟಿ ಮಾಡಿದ ಪುಸ್ತಕವೂ ಬಂದಿತ್ತು. 2011ರ ಮೇ 21 ಎಂದು ಹೆರಾಲ್ಡ್ ಕ್ಯಾಂಪಿಂಗ್ ಸಾರಿದಾಗ ಕೆಲಸ ಬಿಟ್ಟು, ಉಳಿತಾಯವನ್ನೆಲ್ಲ ಪ್ರಚಾರಕ್ಕೆ ಸುರಿದವರಿದ್ದರು. ಆ ಘಳಿಗೆ ತಂದೆಗಲ್ಲದೆ ಯಾರಿಗೂ ತಿಳಿಯದೆಂಬ ಮತ್ತಾಯನ 24ನೇ ಅಧ್ಯಾಯದ ಮಾತನ್ನು ಓದಿಯೂ ಇಷ್ಟೆಲ್ಲ ನಡೆಯಿತು.

ಇದನ್ನೆಲ್ಲ ಓದುತ್ತ ನಮ್ಮವರು ನಿಶ್ಚಿಂತೆಯಿಂದಿರಬೇಕಾಗಿಲ್ಲ. ಬಸ್ಸಾಮ್ ಜರ್ರಾರ್ ಎಂಬ ಫೆಲೆಸ್ತೀನಿ ಲೇಖಕರು ಕುರ್‌ಆನ್‌ನ ಪದಗಳನ್ನು ಎಣಿಸಿ 2022ರಲ್ಲಿ ಇಸ್ರೇಲ್ ಅಳಿಯುವುದೆಂದು ಬರೆದರು. ಅದನ್ನು ನಂಬಿ ಹಂಚಿದವರು ಮುಸ್ಲಿಮರೇ. ಆ ವರ್ಷ ಬಂತು, ಹೋಯಿತು. ಅವರಿಗೂ ಮೊದಲು ರಶಾದ್ ಖಲೀಫಾ 19ರ ಲೆಕ್ಕ ಹೂಡಿ 2280ಕ್ಕೆ ಲೋಕಾಂತ್ಯವೆಂದರು. ಉಮ್ಮತ್ ಅವರನ್ನು ತಿರಸ್ಕರಿಸಿತು, ಆದರೆ ಎಣಿಕೆಯ ಹುಚ್ಚು ನಿಂತಿಲ್ಲ. ಅಲ್ ಅಅ್‌ರಾಫ್ ಅಧ್ಯಾಯದ 187ನೇ ಸೂಕ್ತವು ಆ ಘಳಿಗೆಯ ಅರಿವು ನನ್ನ ಪ್ರಭುವಿನ ಬಳಿ ಮಾತ್ರವಿದೆಯೆಂದು ಹೇಳುವಂತೆ ಪ್ರವಾದಿ(ಸ)ರಿಗೇ ಆಜ್ಞಾಪಿಸುತ್ತದೆ. ಜಿಬ್ರೀಲ್(ಅ) ಬಂದು ಕೇಳಿದಾಗ, ಕೇಳುವವನಿಗಿಂತ ಹೆಚ್ಚು ಕೇಳಲ್ಪಟ್ಟವನಿಗೆ ತಿಳಿಯದೆಂದು ಪ್ರವಾದಿ(ಸ)ರು ಉತ್ತರಿಸಿದರು. ಅವರಿಗೆ ತಿಳಿಸದಿದ್ದುದನ್ನು ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್ನರಿಗೆ ತಿಳಿಸಲಾಗಿದೆಯೇ?

84ನೇ ಕೀರ್ತನೆಯಲ್ಲಿ ಬರುವ ಬಾಕಾ ಎಂಬ ಕಣಿವೆಯು ಮಕ್ಕಾವೇ ಎಂದು ಸಾಧಿಸುವ ಲೇಖನಗಳೂ ನಮ್ಮಲ್ಲಿವೆ. ಕುರ್‌ಆನ್ ಮಕ್ಕಾವನ್ನು ಬಕ್ಕಾ ಎಂದು ಕರೆದಿರುವುದು ನಿಜ (ಆಲಿ ಇಮ್ರಾನ್ 96). ಆದರೆ ಆ ಕೀರ್ತನೆಯ ಯಾತ್ರಿಕರು ಹೋಗುತ್ತಿರುವುದು ಸಿಯೋನಿಗೆ. ಪದದ ಹೋಲಿಕೆಯನ್ನು ಸಾಕ್ಷ್ಯವೆಂದು ಮಂಡಿಸಿದರೆ 48ನೇ ಕೀರ್ತನೆಯವರನ್ನು ಖಂಡಿಸುವ ಹಕ್ಕು ನಮಗೆ ಉಳಿಯದು. ಕಅಬಾದ ಮಹಿಮೆಗೆ ಇಂತಹ ಊರುಗೋಲು ಬೇಕಾಗಿಯೂ ಇಲ್ಲ.

ಹಾಗಿದ್ದರೆ ಭವಿಷ್ಯದ ಕುರಿತು ಝಬೂರ್ ಏನನ್ನೂ ಹೇಳುವುದಿಲ್ಲವೇ? ಹೇಳುತ್ತದೆ. ಅದೇನೆಂದು ಕುರ್‌ಆನ್ ತಾನೇ ನಮಗೆ ತಿಳಿಸಿದೆ. ಅಲ್ ಅಂಬಿಯಾ ಅಧ್ಯಾಯದ 104ನೇ ಸೂಕ್ತವು ಆಕಾಶವನ್ನು ಕಾಗದದ ಸುರುಳಿಯಂತೆ ಸುತ್ತಿಡುವ ದಿನವನ್ನು ಹೇಳುತ್ತದೆ. ಅದರ ಬೆನ್ನಿಗೇ 105ನೇ ಸೂಕ್ತವು, ಭೂಮಿಗೆ ತನ್ನ ಸಜ್ಜನ ದಾಸರು ವಾರಸುದಾರರಾಗುವರೆಂದು ಅಲ್ಲಾಹನು ಝಬೂರ್‌ನಲ್ಲಿ ಬರೆದಿರುವನೆಂದು ತಿಳಿಸುತ್ತದೆ. ಇಂದಿನ 37ನೇ ಕೀರ್ತನೆಯ 29ನೇ ವಚನದಲ್ಲಿ ಇದಕ್ಕೆ ತೀರಾ ಸಮೀಪದ ಮಾತು ಇಂದಿಗೂ ಉಳಿದಿದೆ. ಆ ಭೂಮಿಯೆಂದರೆ ಸ್ವರ್ಗವೆಂದು ಹೇಳಿದ ವ್ಯಾಖ್ಯಾನಕಾರರಿದ್ದಾರೆ, ಈ ಲೋಕವೇ ಎಂದವರೂ ಇದ್ದಾರೆ. ಇಮಾಮ್ ತಬರಿಯವರು ಎರಡೂ ಅಭಿಪ್ರಾಯಗಳನ್ನು ದಾಖಲಿಸಿದ್ದಾರೆ. ಯಾವ ಅರ್ಥವನ್ನು ಹಿಡಿದರೂ ವಾರಸುದಾರಿಕೆಯ ಷರತ್ತು ಬದಲಾಗದು. ಅಲ್ಲಿ ವಂಶದ ಹೆಸರಿಲ್ಲ, ಯಾಕೂಬ್(ಅ)ರ ಸಂತತಿಯೆಂದಾಗಲಿ ಇಸ್ಮಾಈಲ್(ಅ)ರ ಸಂತತಿಯೆಂದಾಗಲಿ ಇಲ್ಲ. ಇಬ್ರಾಹೀಮ್(ಅ)ರು ತಮ್ಮ ಸಂತತಿಗಾಗಿ ನಾಯಕತ್ವವನ್ನು ಬೇಡಿದಾಗ, ನನ್ನ ಕರಾರು ಅಕ್ರಮಿಗಳಿಗೆ ಅನ್ವಯಿಸದೆಂದು ಅಲ್ಲಾಹನು ಉತ್ತರಿಸಿದನು (ಅಲ್ ಬಕರಃ 124). ದಾವೂದ್(ಅ)ರನ್ನು ಭೂಮಿಯಲ್ಲಿ ಖಲೀಫನಾಗಿ ನೇಮಿಸಿದಾಗಲೂ ಜೊತೆಗೆ ಬಂದ ಆಜ್ಞೆ ಜನರ ನಡುವೆ ನ್ಯಾಯದಿಂದ ತೀರ್ಪು ನೀಡಬೇಕು, ಮನದಿಚ್ಛೆಯ ಹಿಂದೆ ಹೋಗಬಾರದೆಂಬುದಾಗಿತ್ತು (ಸ್ವಾದ್ 26).

ದಾವೂದ್(ಅ)ರ ನಾಲಗೆಯಿಂದ ಶಾಪವೂ ಹೊರಟದ್ದುಂಟು. ಅದು ಯಾರ ಮೇಲೆ? ನೆರೆಯ ಜನಾಂಗಗಳ ಮೇಲಲ್ಲ, ತಮ್ಮದೇ ಜನಾಂಗದಲ್ಲಿ ಹದ್ದುಮೀರಿದವರ ಮೇಲೆ. ತಮ್ಮ ನಡುವೆ ನಡೆಯುತ್ತಿದ್ದ ದುಷ್ಕೃತ್ಯಗಳನ್ನು ಅವರು ಪರಸ್ಪರ ತಡೆಯುತ್ತಿರಲಿಲ್ಲವೆಂಬುದು ಅದಕ್ಕೆ ಕಾರಣವೆಂದು ಅಲ್ ಮಾಇದಃ ಅಧ್ಯಾಯದ 78 ಮತ್ತು 79ನೇ ಸೂಕ್ತಗಳು ತಿಳಿಸುತ್ತವೆ. ಇದನ್ನು ಓದಿ ಯಹೂದಿಯರನ್ನು ನಿಂದಿಸಲು ಹೊರಡುವವರು ಆ ಸೂಕ್ತಗಳ ಸಾರವನ್ನೇ ಕಳೆದುಕೊಂಡಿದ್ದಾರೆ. ಪ್ರವಾದಿಯ ಖಂಡನೆ ಸ್ವಂತ ಮನೆಯಿಂದ ಆರಂಭವಾಗುತ್ತದೆ. ನಮ್ಮ ನಡುವಿನ ಕೆಡುಕನ್ನು ಕಂಡು ನಾವು ಬಾಯಿ ಮುಚ್ಚಿದ್ದರೆ ಆ ಮಾತು ನಮ್ಮ ಮೇಲೂ ಬೀಳುತ್ತದೆ.

ಕ್ರೈಸ್ತರೆಲ್ಲರೂ ಹೀಗೆಯೇ ಓದುತ್ತಾರೆಂದು ನಮ್ಮ ಮಕ್ಕಳು ತಿಳಿಯಬಾರದು. ಈ ಪಂಥಕ್ಕೆ ರೂಪ ಕೊಟ್ಟವರು ಹತ್ತೊಂಬತ್ತನೇ ಶತಮಾನದ ಜಾನ್ ನೆಲ್ಸನ್ ಡಾರ್ಬಿ. ಅದನ್ನು ಮನೆಮನೆಗೆ ತಲುಪಿಸಿದ್ದು 1909ರಲ್ಲಿ ಟಿಪ್ಪಣಿಗಳೊಂದಿಗೆ ಪ್ರಕಟವಾದ ಸ್ಕೋಫೀಲ್ಡ್ ಬೈಬಲು. ಎರಡು ಸಾವಿರ ವರ್ಷಗಳ ಕ್ರೈಸ್ತ ಪರಂಪರೆಯಲ್ಲಿ ಅದು ತೀರಾ ಇತ್ತೀಚಿನದು. ಫೆಲೆಸ್ತೀನಿನ ಕ್ರೈಸ್ತ ನಾಯಕರು 2009ರಲ್ಲಿ ಕೈರೋಸ್ ಫೆಲೆಸ್ತೀನ್ ಎಂಬ ಹೇಳಿಕೆಯನ್ನು ಹೊರಡಿಸಿ, ಅತಿಕ್ರಮಣವನ್ನು ದೇವವಾಕ್ಯದಿಂದ ಸಮರ್ಥಿಸುವ ವ್ಯಾಖ್ಯಾನಗಳನ್ನು ಬಹಿರಂಗವಾಗಿ ತಿರಸ್ಕರಿಸಿದ್ದಾರೆ.

ಗಾಝಾ ನಗರದಲ್ಲಿ ಸಂತ ಪೊರ್ಫಿರಿಯಸ್ ಹೆಸರಿನ ಗ್ರೀಕ್ ಆರ್ಥೊಡಾಕ್ಸ್ ಚರ್ಚೊಂದಿದೆ. 2023ರ ಅಕ್ಟೋಬರ್ 19ರ ರಾತ್ರಿ ಅದರ ಆವರಣದ ಕಟ್ಟಡವೊಂದು ವೈಮಾನಿಕ ದಾಳಿಯಲ್ಲಿ ಕುಸಿದು, ಆಶ್ರಯ ಪಡೆದಿದ್ದವರಲ್ಲಿ ಹದಿನೈದಕ್ಕೂ ಹೆಚ್ಚು ಮಂದಿ, ಮಕ್ಕಳ ಸಹಿತ, ಮೃತಪಟ್ಟರು. ಗುರಿಯಿಟ್ಟದ್ದು ಹತ್ತಿರದ ಬೇರೊಂದು ಕಟ್ಟಡಕ್ಕೆ ಎಂದು ಇಸ್ರೇಲಿ ಸೇನೆ ಹೇಳಿತು. ಆರ್ಥೊಡಾಕ್ಸ್ ಸಂಪ್ರದಾಯದಲ್ಲಿ ಕೀರ್ತನೆಗಳ ಸಂಪೂರ್ಣ ಗ್ರಂಥವನ್ನು ಇಪ್ಪತ್ತು ಭಾಗಗಳಾಗಿ ವಿಂಗಡಿಸಿ ವಾರಕ್ಕೊಮ್ಮೆ ಓದಿ ಮುಗಿಸುವ ಕ್ರಮವಿದೆ. ಆಸಾಫನ ಆ ಮೊರೆಯೂ ಅದರಲ್ಲಿದೆ, ಅವರ ಎಣಿಕೆಯಲ್ಲಿ ಅದು 82ನೆಯದು. ನಕ್ಷೆ ಬರೆದವರು ಯಾವ ಊರನ್ನು ಫಿಲಿಷ್ಟಿಯವೆಂದು ಗುರುತಿಸಿ ಶತ್ರುಗಳ ಸಾಲಿಗೆ ಸೇರಿಸಿದ್ದಾರೋ, ಆ ಊರಿನ ಜನರು ಅದೇ ಕೀರ್ತನೆಯನ್ನು ಅರಬಿಯಲ್ಲಿ, ಅಲ್ಲಾಹ್ ಎಂಬ ಹೆಸರನ್ನೇ ಕರೆದು, ಸುಮ್ಮನಿರಬೇಡವೆಂದು ಬೇಡುತ್ತ ಓದುತ್ತಾರೆ.